ಇರುವೆ ಮುತ್ತದ ಗಿಳಿ

ಸೈಕಲ್ಲಿನ ಚೈನು ಕಿರುಗುಟ್ಟಲು ಶುರುವಾದದ್ದು ಧನುರ್ಮಾಸದ ಒಂದು ಮಧ್ಯಾಹ್ನ. ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಅದು, ಚೆಲುವಾಂಬ ಇನ್ನೇನು ಒಂದು ಹದಕ್ಕೆ ಬಂದು ಹಲ್ಲು ಕಚ್ಚಿ ತುಳಿಯುತ್ತಿದ್ದಾಗ, ಇಲಿಮರಿಯ ಬಾಲ ಬಾಗಿಲಿಗೆ ಸಿಕ್ಕ ಹಾಗೆ ಕಿರ್ರೆಂದಿತು. ಅವಳು ಕಾಲು ನಿಲ್ಲಿಸಿದಳು. ಕೆಳಗೆ ನಡುಮನೆಯಲ್ಲಿ ಊಟ ಮುಗಿಸಿ ಅಡ್ಡಾಗಿದ್ದ ಅತ್ತೆ ಸಿದ್ದಲಿಂಗಮ್ಮನ ದನಿ ಮೆಟ್ಟಿಲು ಹತ್ತಿ ಬಂತು.

"ಏನಮ್ಮೀ ಅದು, ಕಿರುಗುಟ್ತಾ ಅದೆ?"

"ಮಿಷನ್ನು ಕಣತ್ತೆ!" ಎಂದಳು ಚೆಲುವಾಂಬ, ಏದುಸಿರನ್ನು ನುಂಗಿಕೊಂಡು.

"ಎಣ್ಣೆ ಬುಡು ಅದ್ಕೆ. ಬರೀ ತುಳುದ್ರೆ ಆಯ್ತದಾ?"

ಮಹಡಿಯ ಆ ಕೋಣೆಯಲ್ಲಿ ತುಳಿಯುವಂಥವು ಎರಡಿದ್ದವು. ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನು. ಎದುರು ಗೋಡೆಯ ಪಕ್ಕ, ಹಿಂದಿನ ಚಕ್ರವನ್ನು ನೆಲ ಬಿಡಿಸಿ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದಿದ್ದ ಗಂಡನ ಸೈಕಲ್ಲು. ಮೊದಲನೆಯದನ್ನು ಅವಳು ಮದುವೆಯಾಗಿ ಪಾಂಡವಪುರಕ್ಕೆ ಬಂದ ವರ್ಷದಿಂದಲೂ ತುಳಿಯುತ್ತಿದ್ದಳು. ಬೀದಿಯ ಅರ್ಧ ಹೆಂಗಸರ ರವಿಕೆ ಅವಳ ಪಾದದಿಂದಲೇ ಹುಟ್ಟಿದ್ದು. ಎರಡನೆಯದನ್ನು ತುಳಿಯುತ್ತಾಳೆಂಬುದು ಆಚೆ ಬೀದಿಯ ಗೆಳತಿ ಇಫ್ಫತ್‌ಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕಡೇಪಕ್ಷ ಚೆಲುವಾಂಬ ಹಾಗೆಂದು ತಿಳಿದಿದ್ದಳು.

ಸೈಕಲ್ಲು ಬಂದದ್ದು ಶಂಕರನ ಶುಗರಿನ ದೆಸೆಯಿಂದ. ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಡಾಕ್ಟರು ದಿನಾ ಬೆವರು ಸುರಿಸಲು ಹೇಳಿದ್ದರು. ಬ್ಯಾಂಕಿನ ರಘುನಂದನ್, ನಾಗಮಂಗಲದ ಕಡೆಯವನು, ಭಾನುವಾರ ಬೆಳಿಗ್ಗೆ ಹತ್ತಾರು ಜನರನ್ನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಊರೂರು ಸುತ್ತುವವನು, ತಾನೇ ನಿಂತು ಒಳ್ಳೆಯ ಗೇರಿನ ಸೈಕಲ್ಲು ಕೊಡಿಸಿದ. ಎರಡನೇ ಭಾನುವಾರವೇ ಶಂಕರ ನಾಲೆ ಏರಿಯ ಮೇಲೆ ಕಬ್ಬಿನ ಗಾಡಿಗೆ ದಾರಿ ಬಿಡಲು ಹೋಗಿ ತಾನು ಗದ್ದೆಗಿಳಿದ. ಆಮೇಲೆ ಅವನಿಗೆ ರಸ್ತೆಯ ಮೇಲೆ ನಂಬಿಕೆ ಹೋಯಿತು. "ಮನೇಲೇ ತುಳಿಯಬೌದು ಕಣಣ್ಣ" ಎಂದು ರಘುನಂದನನೇ ಆ ಸ್ಟ್ಯಾಂಡು ತರಿಸಿದ. ಎಷ್ಟು ದೂರ ತುಳಿದರೆಂದು ತಿಳಿಯಲು ಚಕ್ರಕ್ಕೊಂದು ಸೆನ್ಸರು ಸಿಕ್ಕಿಸಿ, ಶಂಕರನ ಹಳೆಯ ಫೋನನ್ನು ಹ್ಯಾಂಡಲ್ಲಿಗೆ ಕಟ್ಟಿದ್ದೂ ಅವನೇ. ಶಂಕರ ಒಂದು ವಾರ ತುಳಿದ. ಎರಡನೇ ವಾರ ಸೈಕಲ್ಲಿನ ಮೇಲೆ ಕೂತು ಬೇರೆಯವರು ತುಳಿಯುವ ವಿಡಿಯೋ ನೋಡಿದ. ಮೂರನೇ ವಾರದಿಂದ ಹ್ಯಾಂಡಲ್ಲಿನ ಮೇಲೆ ಅವನ ಒದ್ದೆ ಟವೆಲ್ಲು, ಸೀಟಿನ ಮೇಲೆ ಇಸ್ತ್ರಿಗೆ ಕಾದ ಅಂಗಿಗಳು.

ಒಂದು ಸಂಜೆ ರಘುನಂದನ್ ಕಾಫಿಗೆ ಬಂದಿದ್ದಾಗ, ಅವನ ಗುಂಪಿನಲ್ಲಿ ಇಬ್ಬರು ಟೀಚರಮ್ಮಂದಿರೂ ಇದ್ದಾರೆಂಬ ಮಾತು ಬಂತು. ಚೆಲುವಾಂಬ ಲೋಟ ಇಡುತ್ತಾ, "ಅಂಗಾರೆ ನಾನೂ ಬರಬೌದಾ?" ಎಂದಳು.

"ನೀನು ಕೂತ್ರೆ ಚಕ್ರ ಚಪಾತಿ ಆಯ್ತದೆ ಕಣೆ!" ಎಂದ ಶಂಕರ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವನು ಏನಾದರೂ ಅಂದಾಗ ನಗುವುದು, ಹಾಲು ಉಕ್ಕಿದಾಗ ಒಲೆ ತಗ್ಗಿಸುವಷ್ಟೇ ಅವಳಿಗೆ ರೂಢಿಯಾಗಿತ್ತು.

ಮಾರನೆಯ ದಿನ ಇಸ್ತ್ರಿಗೆಂದು ಅಂಗಿಗಳನ್ನು ಎತ್ತಿಕೊಂಡಾಗ ಸೀಟು ಖಾಲಿಯಾಯಿತು. ಖಾಲಿ ಸೀಟು ಕಂಡರೆ ಕೂರಬೇಕೆನ್ನಿಸುವುದು ಬಸ್ಸಿನಲ್ಲಿ ಓಡಾಡಿದ ಯಾರಿಗೂ ಇರುವ ಗುಣವೇ. ಬಾಗಿಲು ಮುಂದಕ್ಕೆ ಹಾಕಿ, ನೈಟಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋಗಿದ್ದ ಪ್ಯಾಂಟನ್ನು ಒಳಗೆ ತೊಟ್ಟು, ಅವಳು ಹತ್ತಿ ಕೂತಳು. ಸೀಟು ಎತ್ತರವಾಗಿತ್ತು. ಗಂಡನ ಎತ್ತರಕ್ಕೆ ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಸೀಟು ಇಳಿಸಿಕೊಂಡು, ತುಳಿದಳು. ಚಕ್ರ ಚಪಾತಿಯಾಗಲಿಲ್ಲ. ಗುಂಯ್ ಎಂದಿತು. ಕಾಲುಗಳು ಇದೇನು ಹೊಸದಾ ಎಂಬಂತೆ ತಿರುಗಿದವು. ಇಷ್ಟು ವರ್ಷ ಮಿಷನ್ನಿನ ಕೆಳಗೆ ಅವು ಮಾಡಿದ್ದು ಇದನ್ನೇ ಅಲ್ಲವೇ? ಆಗ ಎದುರಿಗೆ ಬೇರೆಯವರ ತೋಳು, ಕಂಕುಳು, ಕೊರಳು ಇರುತ್ತಿದ್ದವು. ಈಗ ಎದುರಿಗೆ ಬರೀ ಗೋಡೆ. ಗೋಡೆಯ ಸುಣ್ಣ ಒಂದು ಕಡೆ ಉದುರಿ ಬೆಟ್ಟದ ಆಕಾರವಾಗಿತ್ತು. ಮೇಲುಕೋಟೆ ಬೆಟ್ಟದ್ದೇ ಆಕಾರ ಎಂದು ಅವಳಿಗೆ ಅನ್ನಿಸಿತು.

ಅನ್ನಿಸಲು ಕಾರಣವಿತ್ತು. ಅವಳ ತವರು ಜಕ್ಕನಹಳ್ಳಿಯ ಹತ್ತಿರ, ಆ ಬೆಟ್ಟದ ಬುಡದಲ್ಲಿ. ಚಿಕ್ಕವಳಿದ್ದಾಗ ಅಣ್ಣನ ಸೈಕಲ್ಲನ್ನು ಮೇಲಿನವರೆಗೂ ಹಿಂದಿನಿಂದ ದಬ್ಬುವುದು ಅವಳ ಕೆಲಸ. ಮೇಲೆ ಮುಟ್ಟಿದ ಕೂಡಲೇ ಅಣ್ಣ ಹತ್ತಿ ಕೂತು ಕೂಗು ಹಾಕುತ್ತಾ ಇಳಿದುಬಿಡುತ್ತಿದ್ದ. ಅವಳು ನಡೆದು ಬರುತ್ತಿದ್ದಳು. ಹತ್ತುವಾಗಿನ ಬೆವರು ಮಾತ್ರ ಅವಳ ಪಾಲು. ಇಳಿಯುವಾಗಿನ ಗಾಳಿ ಹೇಗಿರುತ್ತದೆಂಬುದು ಅವಳಿಗೆ ಈ ವಯಸ್ಸಿಗೂ ಗೊತ್ತಿರಲಿಲ್ಲ.

ಆ ದಿನ ಸಂಜೆ ಶಂಕರನ ಹೊಸ ಫೋನು ಟಿಣ್ ಟಿಣ್ ಎನ್ನತೊಡಗಿತು. ಹ್ಯಾಂಡಲ್ಲಿನ ಹಳೆಯ ಫೋನು, ಯಾರೇ ತುಳಿದರೂ ಶಂಕರನೇ ತುಳಿದನೆಂದು ರಘುನಂದನನ ಗುಂಪಿಗೆಲ್ಲ ಸಾರುತ್ತದೆಂಬುದು ಚೆಲುವಾಂಬಗೆ ಗೊತ್ತಿರಲಿಲ್ಲ. ಮುದ್ದೆ ಮುರಿಯುತ್ತಿದ್ದ ಶಂಕರ ಫೋನು ನೋಡಿದ. ತಾರಸಿ ನೋಡಿದ. ಮತ್ತೆ ಫೋನು ನೋಡಿದ.

"ಮೇಲ್ಗಡೆ ಫ್ಯಾನ್ ಆರ್ಸಿರ್ಲಿಲ್ವಾ?" ಎಂದ.

ಅವಳು ಸಾರಿನ ಸೌಟಿಗೆ ಕೈ ಹಾಕಿದಳು. "ತಿರುಗ್ತಿತ್ತೇನೋ" ಎಂದಳು.

"ಅದೇ ಮತ್ತೆ" ಎಂದು ತಲೆದೂಗಿದ ಶಂಕರ. ಫ್ಯಾನಿನ ಗಾಳಿಗೆ ಚಕ್ರ ತಿರುಗಿ ಇಷ್ಟು ದೂರ ಹೋಗಿದೆ ಎಂದು ಅವನು ತೀರ್ಮಾನ ಮಾಡಿದ್ದ. ಅದನ್ನು ಗುಂಪಿಗೆ ತಿಳಿಸುವ ಬದಲು, ಎಲ್ಲರ ಶಹಭಾಸ್‌ಗಿರಿಗೂ ಕೈಮುಗಿಯುವ ಚಿತ್ರ ಕಳಿಸಿ, "ಎಲ್ಲಾ ನಿಮ್ಮ ಆಶೀರ್ವಾದ" ಎಂದು ಬರೆದ. ಚೆಲುವಾಂಬ ಸಾರು ಬಡಿಸುವ ನೆಪದಲ್ಲಿ ಬಗ್ಗಿ ಅದನ್ನು ಓದಿದಳು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಗು ಬಂತು. ಆ ಮನೆಯಲ್ಲಿ ಸೈಕಲ್ಲು ತನ್ನಷ್ಟಕ್ಕೆ ತಾನೇ ತುಳಿದುಕೊಳ್ಳುತ್ತದೆ ಎಂದು ನಂಬಲು ಅವನು ತಯಾರಿದ್ದ. ಹೆಂಡತಿ ತುಳಿದಿರಬಹುದು ಎಂಬುದು ಮಾತ್ರ ಅವನ ತಲೆಯ ಯಾವ ಬಾಗಿಲಿನಿಂದಲೂ ಒಳಗೆ ಬರಲಿಲ್ಲ.

ಮಾರನೆಯ ದಿನ ಅವಳು ಇನ್ನಷ್ಟು ತುಳಿದಳು. ಈ ಸಲ ಬೇಕೆಂತಲೇ.

ಹೀಗೆ ಅವಳ ಬೆವರು ಅವನ ಹೆಸರಾಗಿ ಬೆಳೆಯಿತು. ಶಂಕರ ಬೆಳಿಗ್ಗೆ ಕಾಲೇಜಿಗೆ ಹೋಗುವಾಗ, "ಫ್ಯಾನ್ ಆರ್ಸ್‌ಬೇಡ, ಬಟ್ಟೆಗೆ ಗಾಳಿ ಬೇಕು" ಎನ್ನತೊಡಗಿದ. ಎದೆ ಎತ್ತಿ ನಡೆಯತೊಡಗಿದ. ಬೀದಿಯಲ್ಲಿ ಯಾರಾದರೂ ಕೇಳಿದರೆ ತೊಡೆ ತಟ್ಟಿ, "ಮೊಣಕಾಲಿಗೆ ಒಳ್ಳೇದು" ಎನ್ನುತ್ತಿದ್ದ. ಅವಳು ಬಾಗಿಲ ಸಂದಿಯಿಂದ ನೋಡುತ್ತಾ, ದೊಡ್ಡೋನಾಗು ಮಗನೇ, ಇನ್ನೂ ದೊಡ್ಡೋನಾಗು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಡಿಸೆಂಬರಿನ ಕೊನೆಗೆ ರಘುನಂದನ್ ಗುಂಪಿಗೆ ಬರೆದ: ಸಂಕ್ರಾಂತಿಯ ನಂತರದ ಭಾನುವಾರ ಮೇಲುಕೋಟೆ ಬೆಟ್ಟ ಹತ್ತುವುದು, ಶಂಕರಣ್ಣನೇ ಮುಂದಾಳು. ಶಂಕರ ಅದನ್ನು ಜೋರಾಗಿ ಓದಿ, "ನೋಡವಾ" ಎನ್ನುವಾಗ ಅವನ ದನಿ ಸ್ವಲ್ಪ ನಡುಗಿತು. ಚೆಲುವಾಂಬಳ ಕಾಲು ಕೂತಲ್ಲೇ ತುಳಿಯತೊಡಗಿತು. ಆ ಬೆಟ್ಟ ಅವಳಿಗೆ ಬೇಕಾಗಿತ್ತು. ಹೇಗೆ ಹೋಗುವುದು, ಏನೆಂದು ಹೇಳುವುದು, ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅಲ್ಲಿಯವರೆಗೆ ಗುಟ್ಟು ಒಡೆಯಬಾರದು. ಈಗಲೇ ಒಡೆದರೆ ಮತ್ತೊಂದು ಚಪಾತಿ ಮಾತು, ಮತ್ತೊಂದು ನಗು, ಸೈಕಲ್ಲು ಸಂತೆಗೆ.

ಆಗಲೇ ಚೈನು ಕಿರುಗುಟ್ಟಿದ್ದು.

ಅತ್ತೆ ಹೇಳಿದಂತೆ ಅವಳು ಮಿಷನ್ನಿನ ಎಣ್ಣೆಯನ್ನೇ ಚೈನಿಗೂ ಬಿಟ್ಟಳು. ಕಿರುಗುಟ್ಟುವುದು ನಿಂತಿತು. ಆದರೆ ಕೋಣೆಯ ತುಂಬ ಹಾರುವ ದಾರದ ಚೂರು, ಬಟ್ಟೆಯ ಜುಂಗು ಎಲ್ಲಾ ಎಣ್ಣೆಗೆ ಅಂಟಿ ಚೈನು ಕಂಬಳಿ ಹುಳವಾಯಿತು. ಎರಡು ದಿನಕ್ಕೆ ಮತ್ತೆ ಕಿರ್. ಸಾಲದ್ದಕ್ಕೆ ತಿರುಗುವ ರಭಸಕ್ಕೆ ಒಂದು ಕರಿ ಹನಿ ಸಿಡಿದು, ಕೊಕ್ಕೆ ಹಾಕಲು ಇಟ್ಟಿದ್ದ ಮದುವಣಗಿತ್ತಿಯ ಕೆನೆಬಣ್ಣದ ರವಿಕೆಯ ಬೆನ್ನಿಗೆ ಬಿತ್ತು. ಅವಳು ಆ ಜಾಗಕ್ಕೊಂದು ಜರಿಯ ಮಾವಿನಕಾಯಿ ಹೊಲಿದು ಮುಚ್ಚಿದಳು. ಹುಡುಗಿಯ ತಾಯಿ ಬಂದು ನೋಡಿ, "ಬೆನ್ನಿಗೆ ಒಂದೇ ಮಾವಿನಕಾಯಾ? ಈಗಿನ ಫ್ಯಾಷನ್ನಾ?" ಎಂದರೆ, "ಊಂ ಕಣಕ್ಕ, ಮೈಸೂರಲ್ಲೆಲ್ಲಾ ಇದೇ" ಎಂದು ಸಾಗಹಾಕಿದಳು. ಇನ್ನೊಂದು ಹನಿ ಸಿಡಿದರೆ ಮೈಸೂರೂ ಉಳಿಸುವಂತಿರಲಿಲ್ಲ.

"ಎಣ್ಣೆ ಬಿಡ್ಬಾರ್ದು ಅಕ್ಕಾ, ಮೇಣ ಕುಡಿಸ್ಬೇಕಂತೆ" ಎಂದಳು ಇಫ್ಫತ್. ಅವಳು ಮನೆಯಲ್ಲಿ ಮೇಣದಬತ್ತಿ ಮಾಡಿ ಅಂಗಡಿಗಳಿಗೆ ಹಾಕುವವಳು. ಇಬ್ಬರೂ ಕೂತು ಫೋನಿನಲ್ಲಿ ವಿಡಿಯೋ ನೋಡಿದರು. ಮೇಣ ಕುಡಿದ ಚೈನು ಒಣಗಿ ಗರಿಗರಿಯಾಗಿರುತ್ತದೆ, ಜುಂಗು ಅಂಟುವುದಿಲ್ಲ, ಸಿಡಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸದ್ದು ಮಾಡುವುದಿಲ್ಲ.

"ಅಲ್ಲಾ, ನಮ್ಮನೇಲಿ ಕರೆಂಟ್ ಹೋದ್ರೆ ಬೇಕು ಮೇಣ, ನಿನ್ ಮನೇಲಿ ಗಂಡ ಹೋದ್ರೆ ಬೇಕು" ಎಂದು ಇಫ್ಫತ್ ನಕ್ಕಳು.

"ಆಫೀಸಿಗೆ ಹೋದ್ರೆ ಅನ್ನು ಮಾರಾಯ್ತಿ!"

ಹಬ್ಬಕ್ಕೆ ಮೂರು ದಿನ ಇರುವಾಗ ಸಿದ್ದಲಿಂಗಮ್ಮ ಸೊಗಡಿನ ಅವರೆಕಾಯಿ ತರಲೆಂದು ಸಿಂಧಘಟ್ಟದ ಮಗಳ ಮನೆಗೆ ಹೊರಟಳು. ಹೋಗುವ ಮುಂಚೆ ಮರದ ಅಚ್ಚುಗಳನ್ನು ನೀರಿಗೆ ಹಾಕಿ, "ನಾ ಬರೋ ಒತ್ಗೆ ಸಕ್ಕರೆ ಅಚ್ಚು ಉಯ್ದಿರು. ಈ ಸಲನಾದ್ರೂ ಗಿಳಿ ಕತ್ತು ಮುರೀಬ್ಯಾಡ ಕಣವ್ವ" ಎಂದಳು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಚೆಲುವಾಂಬ ಉಯ್ದ ಗಿಳಿಗೆ ಕತ್ತು ಉಳಿದದ್ದಿಲ್ಲ. ಪಾಕ ಎಳಸಾದರೆ ಗಿಳಿ ಜಾರುತ್ತಿತ್ತು, ಬಲಿತರೆ ಅಚ್ಚಿಗೇ ಕಚ್ಚಿಕೊಂಡು ತಲೆ ಅಲ್ಲೇ ಉಳಿಯುತ್ತಿತ್ತು. ಸಂಕ್ರಾಂತಿಯ ಎಳ್ಳು ಬೀರುವಾಗ ಪ್ರತಿ ವರ್ಷ ಈ ಮನೆಯಿಂದ ಮುಂಡದ ಗಿಳಿಗಳೇ ಹೋಗುತ್ತಿದ್ದವು. "ನಮ್ಮ ಸೊಸೆ ಉಯ್ದದ್ದು" ಎಂದು ಅತ್ತೆ ಹೇಳುವ ರೀತಿಯಲ್ಲೇ ಎಲ್ಲರಿಗೂ ತಲೆ ಎಲ್ಲಿ ಹೋಯಿತೆಂದು ಗೊತ್ತಾಗುತ್ತಿತ್ತು.

ಆ ದಿನವೂ ಅಷ್ಟೇ. ಸಕ್ಕರೆ ಪಾಕ ಉಯ್ದಳು, ಕತ್ತು ಮುರಿಯಿತು. ಮುರಿದದ್ದನ್ನು ಡಬ್ಬಿಗೆ ತುಂಬಿ, ಇರುವೆ ಬಾರದ ಹಾಗೆ ನೀರಿನ ತಟ್ಟೆಯ ನಡುವೆ ಇಟ್ಟು, ಇಫ್ಫತ್‌ಳನ್ನು ಕೂಗಿ ಕರೆದಳು.

ಚೈನಿನ ಕೊಂಡಿ ಬಿಚ್ಚಿ ಅದನ್ನು ಪೆಟ್ರೋಲಿನಲ್ಲಿ ಅದ್ದಿ ತಿಕ್ಕಿದರು. ಕಂಬಳಿ ಹುಳ ಕರಗಿ ಕಪ್ಪು ನೀರಾಯಿತು. ಮತ್ತೆ ಮತ್ತೆ ಹೊಸ ಪೆಟ್ರೋಲು, ಒರೆಸುವುದು, ಬಿಸಿಲಿಗೆ ಹಾಕುವುದು. ಕೊನೆಗೆ ಚೈನು ಹೊಸ ಬೆಳ್ಳಿಯ ಉಡಿದಾರದ ಹಾಗೆ ಹೊಳೆಯಿತು. ಆಮೇಲೆ ಒಳಗೆ ಬಂದು, ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಟ್ಟು ಮೇಣ ಕರಗಿಸಿದರು. "ನೇರ ಉರಿಗಿಟ್ರೆ ಹತ್ಕೊಂಡ್ಬಿಡ್ತದೆ, ತೌಬಾ" ಎಂದು ಇಫ್ಫತ್ ಹೆದರಿಸಿದಳು. ತಂತಿಗೆ ಪೋಣಿಸಿದ ಚೈನನ್ನು ಮೇಣಕ್ಕೆ ಇಳಿಬಿಟ್ಟಾಗ ಅದರ ಸಂದಿಸಂದಿಯಿಂದ ಗುಳ್ಳೆಗಳು ಎದ್ದವು. ಕುಲುಕಿದಷ್ಟೂ ಗುಳ್ಳೆ. ಅದರ ಹೊಟ್ಟೆಯೊಳಗೆ ಎಷ್ಟು ಮಾತಿದ್ದವೋ ಎಲ್ಲಾ ಬಂದು ಮೇಲೆ ಒಡೆದು ಹೋಗುತ್ತಿರುವ ಹಾಗೆ ಚೆಲುವಾಂಬಗೆ ಕಂಡಿತು. ಗುಳ್ಳೆ ನಿಂತ ಮೇಲೆ ಎತ್ತಿ ಬಟ್ಟೆ ಹಗ್ಗಕ್ಕೆ ನೇತುಹಾಕಿದರು. ಆರಿದ ಮೇಲೆ ಅದು ಒಣಕಡ್ಡಿಯಂತೆ ಸೆಟೆದು ನಿಂತಿತ್ತು. ಗಿಣ್ಣು ಗಿಣ್ಣು ಮುರಿದು, ಮೇಲಿನ ಮೇಣ ಉದುರಿಸಿ, ಮತ್ತೆ ಸೈಕಲ್ಲಿಗೆ ತೊಡಿಸಿ, ಚೆಲುವಾಂಬ ಒಮ್ಮೆ ಪೆಡಲ್ಲು ತಿರುಗಿಸಿದಳು. ಬೆಕ್ಕು ನಡೆದಷ್ಟೂ ಸದ್ದಿಲ್ಲ.

ಪಾತ್ರೆಯಲ್ಲಿ ಮೇಣ ಉಳಿದಿತ್ತು. ಕೊಳೆಯೆಲ್ಲ ತಳಕ್ಕಿಳಿದು ಮೇಲೆ ಅಚ್ಚ ಬಿಳಿ. "ಅಲ್ಲೇ ಬಿಟ್ರೆ ಕಲ್ಲಾಯ್ತದೆ, ಕೆತ್ತಕ್ಕಾಗಲ್ಲ. ಎಲ್ಲಾದ್ರೂ ಹುಯ್ಯಿ ಬೇಗ" ಎಂದಳು ಇಫ್ಫತ್. ಕೈಗೆ ಸಿಕ್ಕಿದ್ದು ತೊಳೆದಿಟ್ಟ ಒದ್ದೆ ಅಚ್ಚುಗಳು. ಹುಯ್ದರು. ಆರಿದ ಮೇಲೆ ಅಚ್ಚು ಬಿಡಿಸಿದರೆ, ಏನು ಹೇಳಲಿ, ಗಿಳಿ! ಕತ್ತು ಇದ್ದ ಗಿಳಿ! ಕೊಕ್ಕು, ಕಣ್ಣು, ರೆಕ್ಕೆಯ ಗೆರೆ, ಬಾಲದ ತುದಿಯ ಸೀಳು, ಒಂದೂ ತಪ್ಪಿರಲಿಲ್ಲ.

ಅವನ್ನು ಅಲ್ಲೇ ಪುಡಿಮಾಡಿ ಕಾಗದಕ್ಕೆ ಕಟ್ಟಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ ಕತ್ತು ಉಳಿದ ಗಿಳಿಗಳನ್ನು ಒಡೆಯಲು ಯಾವ ಹೆಂಗಸಿಗೆ ಮನಸ್ಸು ಬಂದೀತು? ಮುಂದಿನ ಸಲ ಚೈನಿಗೆ ಬೇಕಾದಾಗ ಕರಗಿಸಿದರಾಯಿತೆಂದು ಸ್ಟೀಲಿನ ಡಬ್ಬಿಯಲ್ಲಿಟ್ಟು, ಮಹಡಿಯ ಕೋಣೆಯಲ್ಲಿ ರವಿಕೆ ಕಣಗಳ ಕೆಳಗೆ ಮುಚ್ಚಿದಳು.

ಹಬ್ಬದ ದಿನ ಸಂಜೆ ಅವಳು ಹಿತ್ತಲ ತುಳಸಿಗೆ ನೀರು ಹಾಕಿ ಒಳಗೆ ಬಂದಾಗ ರಘುನಂದನನ ಹೆಂಡತಿ ಎಳ್ಳು ಬೀರಿ ಹೋಗಿಯಾಗಿತ್ತು. ಸಿದ್ದಲಿಂಗಮ್ಮ ಎಲೆಅಡಿಕೆ ಮೆಲ್ಲುತ್ತಾ ಹೇಳಿದಳು: "ಬ್ಯಾಂಕಿನೋರ ಮನೇರು ಬಂದಿದ್ರು ಕಣಮ್ಮಿ. ಬರೀ ಮುರುಕ್ಲು ಗಿಳಿ ಕೊಟ್ರೆ ಚೆಂದಾಗಿರ್ತದಾ? ನೀನು ಮೇಲ್ಗಡೆ ಮಡಗಿದ್ಯಲ್ಲ ಚೆಂದಾಗಿರೋವು, ಅವನ್ನೇ ಎಲ್ಲಾ ಕೊಟ್ಬುಟ್ಟೆ. ಎಂಥಾ ಗಿಳಿ ಉಯ್ದಿದ್ದೀಯೆ, ಈಗ ಕೈ ಕೂಡ್ಬಂತು ನೋಡು ನಿಂಗೆ!"

ಚೆಲುವಾಂಬ ತಂಬಿಗೆಯನ್ನು ಅಲ್ಲೇ ಇಟ್ಟಳು. ಇಷ್ಟು ವರ್ಷ ಕಾದಿದ್ದ ಹೊಗಳಿಕೆ ಸಿಕ್ಕಿದ್ದು ಮೇಣಕ್ಕೆ. ಮನೆಯ ಮಿಕ್ಕ ಅಚ್ಚೆಲ್ಲ ತೆಗೆದುಕೊಂಡು ಹೋಗಿ ಬದಲಿಸಿಕೊಂಡು ಬರುವುದೆಂದು ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಗೇಟು ಸದ್ದಾಯಿತು. ರಘುನಂದನನೇ ಬರುತ್ತಿದ್ದ. ಅವನ ಅಂಗೈಯಲ್ಲಿ ಬಿಳಿ ಗಿಳಿ. ಅದರ ಬಾಲದಲ್ಲಿ ಸಾಲಾಗಿ ಹಲ್ಲಿನ ಗುರುತು.

ಹಜಾರದಲ್ಲಿ ಶಂಕರ ಕಬ್ಬು ಸಿಗಿಯುತ್ತಾ ಕೂತಿದ್ದ. ರಘುನಂದನ್ ಗಿಳಿಯನ್ನು ಅವನ ಮುಂದೆ ಇಟ್ಟ.

"ಶಂಕ್ರಣ್ಣ, ಏನಿದು?"

"ಅಚ್ಚು" ಎಂದ ಶಂಕರ.

"ಅಚ್ಚಲ್ಲ ಕಣಣ್ಣ, ಮೇಣ. ಕಚ್ಚಿದ ತಕ್ಷಣ ಗೊತ್ತಾಯ್ತು. ಮೂಸಿ ನೋಡಿದ್ರೆ ಒಂಚೂರು ಪೆಟ್ರೋಲು ವಾಸ್ನೆ. ಇದು ಚೈನಿಗೆ ಹಾಕಿ ಉಳಿದದ್ದು, ಅಲ್ವಾ?" ರಘುನಂದನನ ಮುಖ ಅರಳಿತ್ತು. "ಅಬ್ಬಬ್ಬಾ, ಎಂಥಾ ಗುಟ್ಟಿನ ಮನುಷ್ಯಪ್ಪ ನೀನು! ನಮ್ಮ ಗುಂಪಲ್ಲಿ ಯಾರೂ ಚೈನಿಗೆ ಮೇಣ ಹಾಕೋರಿಲ್ಲ, ನಾನೇ ಇನ್ನೂ ಎಣ್ಣೇಲಿದ್ದೀನಿ. ಅದ್ಕೇ ಮತ್ತೆ ಅಷ್ಟೊಂದು ತುಳೀತೀಯ! ಹೇಳಣ್ಣ, ಹಳೇ ಜಿಡ್ಡು ಹೆಂಗೆ ತೆಗದೆ?"

ಶಂಕರ ಗಿಳಿಯನ್ನು ನೋಡಿದ. ಗಿಳಿ ಅವನನ್ನು ನೋಡಿತು. "ಸೀಗೆಪುಡಿ" ಎಂದ.

"ಸೀಗೆಪುಡಿ?"

"ಬಿಸಿನೀರು, ಸೀಗೆಪುಡಿ... ಹಬ್ಬ ಅಲ್ವಾ."

ಚೆಲುವಾಂಬ ಅಡಿಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ನಗು ಒಂದು ಕಡೆ, ಇನ್ನೇನೋ ಒಂದು ಕಡೆ. ಆ ಚೈನಿನ ಗಿಣ್ಣು ಗಿಣ್ಣೂ ಅವಳ ಬೆರಳಿಗೆ ಗೊತ್ತಿತ್ತು. ಬೆವರು ಹೋದರೆ ಹೋಗಲಿ ಎಂದು ಬಿಟ್ಟಿದ್ದಳು. ಆದರೆ ಸೀಗೆಪುಡಿ ಎಂದದ್ದು ಅವಳಿಂದ ತಡೆಯಲಾಗಲಿಲ್ಲ.

"ಪೆಟ್ರೋಲು" ಎಂದಳು. ಇಬ್ಬರೂ ತಿರುಗಿದರು. "ಪೆಟ್ರೋಲಲ್ಲಿ ಅದ್ದಿ ತಿಕ್ಕಿ ಬಿಸಿಲಿಗೆ ಹಾಕ್ಬೇಕು. ಮೇಣ ನೇರ ಉರಿಗಿಡಬಾರ್ದು, ನೀರೊಳಗಿಡಬೇಕು. ಗುಳ್ಳೆ ನಿಲ್ಲೋವರ್ಗೂ ಚೈನು ತೆಗೀಬಾರ್ದು."

"ಓ, ಅತ್ತಿಗೆ ನಿಂತು ನೋಡವ್ರೆ ಎಲ್ಲಾನೂವೆ!" ಎಂದ ರಘುನಂದನ್. "ಸರಿ ಬಿಡಣ್ಣ, ಭಾನುವಾರ ಬೆಟ್ಟದಲ್ಲಿ ನಿನ್ನ ಚೈನು ನೋಡ್ತೀವಿ. ಬೆಳಿಗ್ಗೆನೇ ಬಂದ್ಬಿಡು. ಎಲ್ರೂ ನಿನ್ನ ಹಿಂದೆನೇ." ಮತ್ತೆ ಗಿಳಿಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಹಜಾರದಲ್ಲಿ ಕಬ್ಬಿನ ಸಿಪ್ಪೆ, ಶಂಕರ, ಚೆಲುವಾಂಬ ಉಳಿದರು. ಶಂಕರ ತಾರಸಿ ನೋಡಿದ.

"ಫ್ಯಾನಲ್ವಾ ಅಂಗಾರೆ?" ಎಂದ.

"ಫ್ಯಾನು ಚೈನಿಗೆ ಮೇಣನೂ ಹಾಕ್ತದಾ?"

"ನೀನಾ? ಅಷ್ಟೂನೂ?"

"ಅಷ್ಟೂನೂ."

ಅವನು ಅವಳ ಕಾಲಿನ ಕಡೆ ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಗೆ ಕಾಲುಗಳಿವೆ ಎಂದು ಅವನಿಗೆ ತಿಳಿದದ್ದು ಆಗಲೇ ಇರಬೇಕು. ಆಮೇಲೆ ಮುಖ ಸಣ್ಣದಾಯಿತು. "ಲೇ ಚೆಲ್ವಿ, ಇದೊಂದ್ ಸಲ ಕಾಪಾಡೆ. ನನ್ ಕಾಲು ಉಳುಕ್ತು ಅಂತ ಹೇಳ್ಬುಡು. ಬೆಟ್ಟ ಹತ್ತಕ್ಕೆ ಓದ್ರೆ ನಾನು ಉಳಿಯಕಿಲ್ಲ. ಓಗ್ದೆ ಇದ್ರೆ ಮರ್ವಾದೆ ಉಳಿಯಕಿಲ್ಲ."

ಹೂಂ ಎಂದುಬಿಡುವುದು ಸುಲಭವಿತ್ತು. ಹೂಂ ಎಂದರೆ ಅವನು ಬಚಾವು, ಅವಳ ಮಧ್ಯಾಹ್ನಗಳೂ ಬಚಾವು. ಗೋಡೆಯ ಸುಣ್ಣದ ಬೆಟ್ಟವನ್ನು ನೋಡುತ್ತಾ ಅವನ ಹೆಸರಿನಲ್ಲಿ ಎಷ್ಟು ದಿನ ಬೇಕಾದರೂ ತುಳಿಯಬಹುದು. ಅವಳು ಸಿಪ್ಪೆ ಗುಡಿಸುತ್ತಾ ಯೋಚಿಸಿದಳು. ಗುಡಿಸಿ ಮುಗಿದಾಗ ಉತ್ತರ ಸಿಕ್ಕಿತ್ತು.

"ನಾನು ಸುಳ್ಳು ಹೇಳಕಿಲ್ಲ ಕಣ್ರೀ. ನಿಜಾನೂ ಹೇಳಕಿಲ್ಲ, ಅದು ನಿಮ್ದು. ಭಾನುವಾರ ಸೈಕಲ್ಲಂತೂ ಬೆಟ್ಟಕ್ಕೋಯ್ತದೆ. ಮೇಲೆ ನಾನಿರ್ತೀನಿ. ಕಾಲು ಯಾರ್ದು ಅಂತ ಹೇಳೋದು ನಿಮಗೆ ಬುಟ್ಟಿದ್ದು."

ಸ್ಟ್ಯಾಂಡಿನ ಸೈಕಲ್ಲು ಬೀಳುವುದಿಲ್ಲ, ರಸ್ತೆಯದು ಬೀಳುತ್ತದೆ ಎಂಬುದು ಅವಳಿಗೆ ಶನಿವಾರ ನಾಲೆ ಏರಿಯ ಮೇಲೆ ತಿಳಿಯಿತು. ಇಫ್ಫತ್ ಕ್ಯಾರಿಯರ್ ಇಲ್ಲದ ಸೈಕಲ್ಲಿನ ಸೀಟನ್ನೇ ಹಿಡಿದು ಹಿಂದೆ ಓಡಿದಳು. ಮೊದಲ ಸಲ ಹುಲ್ಲಿನ ಮೆದೆಗೆ, ಎರಡನೇ ಸಲವೂ ಅದೇ ಮೆದೆಗೆ. "ಮೆದೆಗೂ ನಿಂಗೂ ಏನ್ ನೆಂಟಸ್ತನ ಅಕ್ಕಾ?" ಎಂದು ಇಫ್ಫತ್ ಬೈದಳು. ಆದರೆ ಹುಡುಗಿಯಾಗಿದ್ದಾಗ, ಅಣ್ಣ ಇಲ್ಲದ ಹೊತ್ತಿನಲ್ಲಿ ಊರ ಬಯಲಲ್ಲಿ ಕಲಿತಿದ್ದ ಮೈ ಮರೆತಿರಲಿಲ್ಲ. ಬಿಸಿಲು ಏರುವಷ್ಟರಲ್ಲಿ ಇಫ್ಫತ್ ಹಿಂದೆ ಉಳಿದಿದ್ದಳು.

ಭಾನುವಾರ ಜಕ್ಕನಹಳ್ಳಿ ಸರ್ಕಲ್ಲಿನಲ್ಲಿ ಗುಂಪು ಕಾಯುತ್ತಿತ್ತು. ಚೂಡಿದಾರದ ಪ್ಯಾಂಟಿನ ಅಂಚನ್ನು ಪಿನ್ನು ಹಾಕಿ ಕಟ್ಟಿಕೊಂಡು ಚೆಲುವಾಂಬ ಬಂದಳು. ಅವಳ ಹಿಂದೆ ಸ್ಕೂಟರಿನಲ್ಲಿ ಶಂಕರ, ಅವನ ಹಿಂದೆ ದೇವರ ದರ್ಶನಕ್ಕೆಂದು ಹಟ ಹಿಡಿದು ಹತ್ತಿದ್ದ ಸಿದ್ದಲಿಂಗಮ್ಮ, ಅವಳ ಮಡಿಲಲ್ಲಿ ಹಣ್ಣುಕಾಯಿ ಬುಟ್ಟಿ.

"ಇದೇನಣ್ಣ?" ಎಂದ ರಘುನಂದನ್.

"ಕಾಲು ಉಳುಕ್ತು ಕಣಪ್ಪ. ಅದ್ಕೇ ಇವಳನ್ನ ಬದಲಿಗೆ..."

"ಬೆಟ್ಟ ಹತ್ತಕ್ಕೆ ಬದಲಿ ಕಳುಸ್ತಾರಾ?" ಗುಂಪು ನಕ್ಕಿತು. ಚೆಲುವಾಂಬ ಶಂಕರನ ಮುಖ ನೋಡಿದಳು. ಅವನು ಸ್ಕೂಟರಿನ ಕನ್ನಡಿ ಒರೆಸುತ್ತಿದ್ದ. ಅವಳು ಇನ್ನು ನಿಲ್ಲಲಿಲ್ಲ, ಪೆಡಲ್ಲಿನ ಮೇಲೆ ಕಾಲಿಟ್ಟಳು.

ಏರು ಮೊದಲು ನಯವಾಗಿ ಮಾತಾಡಿಸಿತು. ಆಮೇಲೆ ತನ್ನ ಗುಣ ತೋರಿಸಿತು. ಹಿಂದಿನಿಂದ ಬರುತ್ತಿದ್ದವರ ಚೈನುಗಳು ಕರಕರ ಎನ್ನುತ್ತಿದ್ದವು. ಅವಳದು ಮಾತ್ರ ಸುಮ್ಮನಿತ್ತು. ಎಷ್ಟು ಸುಮ್ಮನೆಂದರೆ ತನ್ನ ಉಸಿರು ತನಗೇ ಪೂರ್ತಿ ಕೇಳಿಸುತ್ತಿತ್ತು. ಮನೆಯಲ್ಲಿ ಆ ಉಸಿರನ್ನು ಅವಳು ಯಾವಾಗಲೂ ನುಂಗಿಕೊಂಡೇ ಇದ್ದದ್ದು. ಇಲ್ಲಿ ಬಾಯಿ ತೆರೆದು, ಎತ್ತಿನ ಹಾಗೆ ಬುಸುಗುಟ್ಟಿದಳು. ಟೀಚರಮ್ಮಂದಿರು ಹಿಂದುಳಿದರು. ಇನ್ನೂ ಕೆಲವರು ಹಿಂದುಳಿದರು. ಅಣ್ಣ "ದಬ್ಬೇ, ದಬ್ಬೇ" ಎಂದು ಬೈಯುತ್ತಿದ್ದ ಕಡಿದಾದ ತಿರುವು ಬಂತು. ಅಲ್ಲಿ ತೊಡೆಗಳು ಕೈಬಿಟ್ಟವು. ಹ್ಯಾಂಡಲ್ಲು ಓಲಾಡಿತು. ಒಂದು ಕಾಲು ಪೆಡಲ್ಲಿನಿಂದ ಜಾರಿ ನೆಲ ಹುಡುಕಿತು.

ಪಕ್ಕಕ್ಕೆ ಸ್ಕೂಟರು ಬಂತು. "ಯಾಕಮ್ಮೀ ನಿಲ್ಲುಸ್ತೀಯೆ?" ಎಂದು ಕೂಗಿದಳು ಸಿದ್ದಲಿಂಗಮ್ಮ, ಬುಟ್ಟಿಯನ್ನು ಅವುಚಿಕೊಂಡು. "ಮಧ್ಯಾನದೊತ್ತು ನನ್ ನೆತ್ತಿ ಮೇಲೆ ಗುಂಯ್ ಅಂತ ತುಳೀತಿದ್ದೆಯಲ್ಲ, ಅಂಗೇ ತುಳಿ! ಅತ್ತೆ ಮಲಗವ್ಳೆ ಅಂದ್ಕೊಂಡು ತುಳಿ!"

ಶಂಕರ ಬೆಚ್ಚಿದ್ದಕ್ಕೆ ಸ್ಕೂಟರು ಅಡ್ಡಾದಿಡ್ಡಿಯಾಯಿತು. ಚೆಲುವಾಂಬಗೆ ನಗು ಹೊಟ್ಟೆಯಿಂದ ಎದ್ದುಬಂತು. ನಗುತ್ತಾ ಜಾರಿದ ಕಾಲನ್ನು ಮತ್ತೆ ಪೆಡಲ್ಲಿಗೆ ಇಟ್ಟಳು. ತಿರುವು ಕಳೆಯಿತು. ಬಂಡೆಗಳು ಕೆಳಗಾದವು.

ಮೇಲೆ ಅವಳಿಗಿಂತ ಮುಂಚೆ ಬಂದು ನಿಂತಿದ್ದವನು ರಘುನಂದನ್ ಒಬ್ಬನೇ. ಮಿಕ್ಕವರು ಒಬ್ಬೊಬ್ಬರಾಗಿ ಬಂದು ಸೇರಿ, ನೀರು ಕುಡಿಯುತ್ತಿದ್ದಾಗ ಎಲ್ಲರ ಜೇಬಿನಲ್ಲೂ ಒಟ್ಟಿಗೇ ಟಿಣ್ ಎಂದಿತು. ಹ್ಯಾಂಡಲ್ಲಿನ ಹಳೆಯ ಫೋನು ತನ್ನ ಕೆಲಸ ಮಾಡಿತ್ತು: ಶಂಕರ್ ಈಗ ತಾನೇ ಮೇಲುಕೋಟೆ ಬೆಟ್ಟ ಹತ್ತಿದ್ದಾರೆ. ಎಲ್ಲರೂ ಓದಿ, ತಲೆ ಎತ್ತಿ ನೋಡಿದರು. ಶಂಕರ ಸ್ಕೂಟರಿನ ಪಕ್ಕ, ಒಂದು ಕೈಯಲ್ಲಿ ತಾಯಿಯ ಚಪ್ಪಲಿ, ಇನ್ನೊಂದರಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದ. ಒಂದು ಹನಿ ಬೆವರಿರಲಿಲ್ಲ.

ರಘುನಂದನ್ ಸೈಕಲ್ಲಿನ ಕಡೆ ನೋಡಿದ, ಅದರ ಚೈನಿನ ಕಡೆ ನೋಡಿದ, ಚೆಲುವಾಂಬಳ ಕಡೆ ನೋಡಿದ. "ಪೆಟ್ರೋಲು" ಎಂದ ಮೆಲ್ಲಗೆ.

ಶಂಕರ ಚಪ್ಪಲಿ ಕೆಳಗಿಟ್ಟ. ಫೋನು ತೆಗೆದು, ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಮತ್ತೆ ಎಲ್ಲರ ಜೇಬಿನಲ್ಲೂ ಟಿಣ್. ಚೆಲುವಾಂಬಳ ಬಳಿ ಗುಂಪಿನ ಸಂದೇಶ ಬರುವ ಫೋನಿರಲಿಲ್ಲ. ಟೀಚರಮ್ಮ ಒಬ್ಬರು ತಮ್ಮದನ್ನು ತೋರಿಸಿದರು. "ಕಾಲು ಚೆಲುವಾಂಬದು. ಮೊದಲಿಂದಲೂ. ನಾನು ಫ್ಯಾನು ಅಂದುಕೊಂಡಿದ್ದೆ." ಕೆಳಗೆ ಕೈಮುಗಿಯುವ ಅದೇ ಚಿತ್ರ.

ಪುಳಿಯೋಗರೆ ತಿನ್ನಲು ಕಲ್ಯಾಣಿಯ ಮೆಟ್ಟಿಲಿನ ಮೇಲೆ ಕೂತಾಗ ಚೆಲುವಾಂಬ ಅತ್ತೆಯ ಪಕ್ಕಕ್ಕೆ ಸರಿದಳು. "ಅತ್ತೆ, ಆ ಗಿಳಿ ಸಕ್ಕರೇದಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಅಲ್ಲಾ ಕಣಮ್ಮಿ, ನೀರಿನ ತಟ್ಟೆಲಿಟ್ಟ ಡಬ್ಬಿಗೇ ಇರುವೆ ಈಜ್ಕೊಂಡು ಬತ್ತವೆ. ಮೇಲ್ಗಡೆ ಬಟ್ಟೆ ಒಳಗೆ ಮೂರು ದಿವ್ಸ ಸಕ್ಕರೆ ಮಡಗಿದ್ರೆ ಒಂದಾದ್ರೂ ಬರಬ್ಯಾಡ್ವಾ? ಜೊತೆಗೆ, ನೀನು ಉಯ್ದ ಗಿಳಿಗೆ ಕತ್ತು! ಮೂಸಿದ್ರೆ ಪೆಟ್ರೋಲು ವಾಸ್ನೆ, ಪಕ್ಕದಲ್ಲಿ ಸೈಕಲ್ ಚೈನು ಬೇರೆ ಫಳಫಳ ಅಂತಿತ್ತು." ಸಿದ್ದಲಿಂಗಮ್ಮ ಬೆರಳಿಗಂಟಿದ ಅನ್ನ ನೆಕ್ಕಿದಳು. "ಬೇರೆ ಮನೆಗೆ ಕೊಟ್ರೆ ಮಕ್ಕಳು ತಿಂದ್ಬುಡ್ತವೆ. ಅವನಾದ್ರೆ ಸೈಕಲ್ ಉಚ್ಚ, ಕಚ್ಚಿದ್ರೆ ಬಂದೇ ಬತ್ತಾನೆ ಅಂತ ಗೊತ್ತಿತ್ತು. ನೀನಾಗಿ ನೀನು ಬಾಯಿ ಬುಡ್ತಿದ್ಯಾ? ನಾನೂ ಬೆಟ್ಟ ನೋಡಿ ಭಾಳ ದಿನ ಆಗಿತ್ತು."

ಚೆಲುವಾಂಬ ಅತ್ತೆಯ ಮುಖವನ್ನೇ ನೋಡಿದಳು. ಅದು ಪುಳಿಯೋಗರೆಯ ಕಡಲೆಬೀಜ ಅಗಿಯುವುದರಲ್ಲಿ ಮುಳುಗಿತ್ತು.

ಹೊರಡುವಾಗ ಶಂಕರ ಸ್ಕೂಟರಿನ ಬೀಗದ ಕೈ ಅವಳ ಮುಂದೆ ಹಿಡಿದ. "ಸಾಕಾಗಿರ್ತದೆ ನಿಂಗೆ. ಅವ್ವನ್ನ ಕರ್ಕೊಂಡು ಸ್ಕೂಟರಲ್ಲಿ ಇಳಿ. ಇಳಿಜಾರಲ್ವಾ, ಸೈಕಲ್ಲು ನಾನು ತತ್ತೀನಿ."

ಅವಳು ಅವನನ್ನು ನೋಡಿದಳು. ಅಣ್ಣನೂ ಇದೇ ಜಾಗದಲ್ಲಿ, ಇಷ್ಟೇ ಪ್ರೀತಿಯಿಂದ ಕೈ ಚಾಚುತ್ತಿದ್ದ.

"ಸೀಟು ನನ್ನ ಎತ್ತರಕ್ಕದೆ" ಎಂದಳು. ಹತ್ತಿ ಕೂತು ಬ್ರೇಕು ಬಿಟ್ಟಳು.

ಇಳಿಜಾರಿನಲ್ಲಿ ಚೈನಿಗೂ ಕೆಲಸವಿಲ್ಲ, ಕಾಲಿಗೂ ಕೆಲಸವಿಲ್ಲ. ಗಾಳಿಯೇ ಎಲ್ಲಾ. ಅದು ಕಿವಿಗೆ ನುಗ್ಗಿತು, ಚೂಡಿದಾರದ ತೋಳಿಗೆ ನುಗ್ಗಿತು, ಕಣ್ಣಿನಲ್ಲಿ ನೀರು ತರಿಸಿತು. ಮೊದಲ ತಿರುವು ಕಳೆದ ಮೇಲೆ, ಹಿಂದೆ ಸ್ಕೂಟರಿನ ಹಾರನ್ನೂ ಅತ್ತೆಯ ಗದರಿಕೆಯೂ ದೂರಾದ ಮೇಲೆ, ಅವಳು ಬಾಯಿ ತುಂಬಾ ಒಂದು ಕೂಗು ಹಾಕಿದಳು. ಬಂಡೆಯ ಮೇಲೆ ಕೂತಿದ್ದ ಕೋತಿಗಳು ಗಾಬರಿಯಾಗಿ ಮರ ಹತ್ತಿದವು.